ಶೆಟ್ಟರ ಬೆರಳು, ಯಶೋದಮ್ಮನ ಬೆರಳು

ಸೂರತ್ತಿನ ವರಾಛಾದಲ್ಲಿ ಜನಾರ್ದನ ಶೆಟ್ಟರ ಉಡುಪಿ ಹೋಟೆಲಿದೆ. ಅವರ ಮಣಿಕಟ್ಟು, ಕಾಲಗಂಟು ನೋಯತೊಡಗಿದಾಗ ಔಷಧಿ ಹೇಳದ ಗಿರಾಕಿಯೇ ಇರಲಿಲ್ಲ. ಒಬ್ಬರು ಮೆಂತ್ಯ ನುಂಗಿ ಎಂದರು, ಇನ್ನೊಬ್ಬರು ಉದ್ದು ಬಿಡಿ ಎಂದರು. ದೋಸೆ ಹೋಟೆಲಿನವನು ಉದ್ದು ಬಿಟ್ಟು ಬದುಕುವುದು ಹೇಗೆಂದು ಮಾತ್ರ ಯಾರೂ ಹೇಳಲಿಲ್ಲ. ಶೆಟ್ಟರು ಎಣ್ಣೆ ತಿಕ್ಕಿಕೊಂಡರು, ನೋವಿನ ಮಾತ್ರೆ ನುಂಗಿದರು, ಮತ್ತೆ ಕಾವಲಿಯ ಮುಂದೆ ನಿಂತರು.

ಇಷ್ಟರಲ್ಲಿ ಅವರ ಬೆರಳ ತುದಿಗಳು ದುಂಡಗೆ ಉಬ್ಬಿ, ಉಗುರುಗಳು ಕೆಳಮುಖವಾಗಿ ಬಾಗಿದ್ದವು. ಶೆಟ್ಟರಿಗೆ ಅದೊಂದು ಹೆಮ್ಮೆ. ಹೊಸ ಅಡುಗೆಯವರು ಬಂದರೆ ಕೈ ಚಾಚಿ ತೋರಿಸುತ್ತಿದ್ದರು. "ದೋಸೆ ಹುಯ್ದು ಹುಯ್ದು ಬಂದ ಬೆರಳು ಇದು. ಸುಮ್ಮನೆ ಬರುವುದಿಲ್ಲ."

ಒಂದು ಮಧ್ಯಾಹ್ನ, ಹೋಟೆಲು ಖಾಲಿಯಾದ ಹೊತ್ತಿಗೆ, ಹೆಂಡತಿ ಯಶೋದಮ್ಮ ತಮ್ಮ ಕೈಯನ್ನು ಅವರ ಕೈಯ ಪಕ್ಕದಲ್ಲಿಟ್ಟರು.

"ಇವ್ರೇ, ದೋಸೆ ಹುಯ್ದು ಬೆರಳು ಉಬ್ಬುವುದಾದರೆ ನನ್ನದು ಯಾಕೆ ಉಬ್ಬಲಿಲ್ಲ? ಮದುವೆ ಆದಾಗಿಂದ ನಿಮ್ಮ ಪಕ್ಕದ ಕಾವಲಿಯಲ್ಲೇ ಅಲ್ವಾ ನಾನು ನಿಂತದ್ದು?"

"ನಿನ್ನದು ಹೆಂಗಸಿನ ಕೈ ಮಾರಾಯ್ತಿ."

"ಹೌದಾ? ದೋಸೆಗೆ ಅದು ಗೊತ್ತುಂಟಾ?"

ಶೆಟ್ಟರು ಕೈ ಹಿಂದಕ್ಕೆಳೆದುಕೊಂಡರು. ಇಬ್ಬರನ್ನು ಪಕ್ಕಪಕ್ಕ ಇಟ್ಟು ಹೋಲಿಸಿ ನೋಡುವ ವಿದ್ಯೆಯನ್ನು ಸಂಶೋಧಕರು ವರ್ಷಗಟ್ಟಲೆ ಓದಿ ಕಲಿಯುತ್ತಾರೆ. ಯಶೋದಮ್ಮನಿಗೆ ಎರಡು ಕಾವಲಿ ಸಾಕಾಗಿತ್ತು.

ಅವರು ಅಷ್ಟಕ್ಕೇ ಬಿಡಲಿಲ್ಲ. ಮೇಲಿನ ಮಹಡಿಯ ನಮಿತಾಳನ್ನು ಕರೆಸಿದರು. ಸೂರತ್ತಿನಲ್ಲೇ ಹುಟ್ಟಿ ಬೆಳೆದ ಕನ್ನಡದ ಹುಡುಗಿ, ಆಸ್ಪತ್ರೆಯಲ್ಲಿ ನರ್ಸ್.

"ಅಂಕಲ್, ಎರಡೂ ತೋರುಬೆರಳಿನ ಉಗುರು ಒಂದಕ್ಕೊಂದು ತಾಗಿಸಿ. ಹೀಗೆ, ದೇಖೋ."

ನಮಿತಾಳ ಉಗುರುಗಳ ನಡುವೆ ವಜ್ರದಾಕಾರದ ಸಣ್ಣ ಕಿಂಡಿ ಕಂಡಿತು. ಯಶೋದಮ್ಮನದರಲ್ಲೂ ಕಂಡಿತು. ಶೆಟ್ಟರದರಲ್ಲಿ ಇಲ್ಲ.

"ಬೆರಳ ತುದಿ ಊದಿದ್ರೇ ಕಿಂಡಿ ಹೀಗೆ ಮುಚ್ಚುವುದು, ಡಾಕ್ಟರಿಗೆ ತೋರಿಸ್ಬೇಕು ಅಂಕಲ್. ಎದೆಯ ಎಕ್ಸ್-ರೇ ಆಗ್ಬೇಕು."

"ನೋವು ಕೈಗೆ, ಫೋಟೋ ಎದೆಗೆ? ನಲ್ಲಿ ಸೋರಿದರೆ ಕರೆಂಟಿನವನನ್ನು ಕರೆದ ಹಾಗಾಯ್ತು!"

"ಶ್ವಾಸಕೋಶದಲ್ಲಿ ಗಡ್ಡೆ ಇದ್ರೆ ಕೆಲವೊಮ್ಮೆ ಕೆಮ್ಮಿಗಿಂತ ಮೊದ್ಲು ಬೆರಳಲ್ಲಿ, ಕೈಕಾಲಿನ ಗಂಟುಗಳಲ್ಲಿ ಗೊತ್ತಾಗ್ತದೆ. ಕ್ಯಾನ್ಸರೇ ಅಂತ ಅಲ್ಲ ಅಂಕಲ್. ಹಾರ್ಟು, ಲಿವರಿನ ತೊಂದ್ರೆ ಇರ್ಬಹುದು. ಕೆಲವರ ಮನೆತನದಲ್ಲೇ ಹೀಗಿರ್ತದೆ. ಆದ್ರೆ ನಿಮ್ಮದು ಹೊಸದಾಗಿ ಬಂದದ್ದು."

"ನಾನು ಬೀಡಿ ಬಿಟ್ಟು ಎಷ್ಟು ಕಾಲ ಆಯ್ತು!"

"ನೀವು ಬಿಟ್ಟಿರಿ," ಎಂದರು ಯಶೋದಮ್ಮ. "ಅದು ನಿಮ್ಮನ್ನು ಬಿಟ್ಟಿದೆಯಾ, ನೋಡುವಾ."

ಶೆಟ್ಟರು ಉಗುರುಗಳನ್ನು ಮತ್ತೊಮ್ಮೆ ತಾಗಿಸಿ ನೋಡಿದರು. ಆಮೇಲೆ ಮೆಲ್ಲಗೆ, "ಹೆದರಿಕೆ ಆಗ್ತದೆ" ಎಂದರು.

"ನನಗೂ ಆಗ್ತದೆ. ಹೆದರಿಕೊಂಡೇ ಹೋಗುವಾ."

ಹೋದರು. ಎಕ್ಸ್-ರೇಯಲ್ಲಿ ಬಲ ಶ್ವಾಸಕೋಶದಲ್ಲಿ ಕಲೆ ಕಂಡಿತು. ಸ್ಕ್ಯಾನು, ಬಯಾಪ್ಸಿ ಆದವು. ಕ್ಯಾನ್ಸರೇ. ಆದರೆ ಇನ್ನೂ ಹರಡಿರಲಿಲ್ಲ. ಶಸ್ತ್ರಚಿಕಿತ್ಸೆಯಾಯಿತು. ಯಾವ ಎಣ್ಣೆಗೂ ಬಗ್ಗದ ಗಂಟುನೋವು ಗಡ್ಡೆ ತೆಗೆದ ಮೇಲೆ ತಾನಾಗಿಯೇ ಇಳಿಯಿತು. ಶೆಟ್ಟರು ಈಗಲೂ ತಪಾಸಣೆಗೆ ಹೋಗಿಬರುತ್ತಾರೆ. ಹೋಟೆಲಿನಲ್ಲಿ ಗಿರಾಕಿಗಳ ಕೈ ಹಿಡಿದು ಉಗುರು ನೋಡುತ್ತಾರೆ. ಅಷ್ಟರಲ್ಲಿ ಕಾಫಿ ಆರುತ್ತದೆ, ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ.

ನಿಮಗೂ ಒಂದು ಮಾತು. ಗಂಟುನೋವೆಲ್ಲ ಕ್ಯಾನ್ಸರ್ ಅಲ್ಲ, ಬಹುಪಾಲು ಅಲ್ಲವೇ ಅಲ್ಲ. ಆದರೆ ಬೆರಳ ತುದಿ ಹೊಸದಾಗಿ ಉಬ್ಬಿದರೆ, ಅಂಗೈ ದಪ್ಪಗಾಗಿ ಬೆರಳುಗಳು ಬಿಗಿದುಕೊಂಡರೆ, ಗಂಟುನೋವಿನ ಜೊತೆ ತೂಕ ಇಳಿದರೆ, ಕೆಮ್ಮು ಬಿಡದಿದ್ದರೆ, ಎಣ್ಣೆ ತಿಕ್ಕುತ್ತ ಕೂರಬೇಡಿ, ವೈದ್ಯರಿಗೆ ತೋರಿಸಿ. ಉಗುರಿನ ನಡುವೆ ಕಿಂಡಿ ಕಂಡಿತೆಂದು ಇಂಥ ಲಕ್ಷಣಗಳನ್ನು ಕಡೆಗಣಿಸಲೂ ಬೇಡಿ. ಇವತ್ತು ಊಟಕ್ಕೆ ಕೂತಾಗ ಪಕ್ಕದವರ ಕೈಯನ್ನೊಮ್ಮೆ ನೋಡಿ. ನಮ್ಮ ಕೈ ಬದಲಾದದ್ದು ನಮಗಿಂತ ಮೊದಲು ಕಾಣುವುದು ಜೊತೆಯಲ್ಲಿ ಉಣ್ಣುವವರಿಗೆ.