ಹೆಪ್ಪು ಕೇಳುವ ದಾರಿ

ದಾಸನಕೊಪ್ಪದಾಚೆಯ ನಮ್ಮ ಹೊಂಡದಕೊಪ್ಪದಲ್ಲಿ ಮೊಬೈಲ್ ಟವರ್ ಸಿಗುವುದಿಲ್ಲ. ಮನೆಯ ವೈಫೈ ಸತ್ತರೆ ಫೋನು ಬರೀ ಟಾರ್ಚು. ಸರಕಾರ ಇಂಟರ್ನೆಟ್ ನಿಲ್ಲಿಸಿದರೂ ಸಂದೇಶ ನಿಲ್ಲಬಾರದೆಂದು ಪಾಲಿಟೆಕ್ನಿಕ್ ಮೇಡಂ ಶೈಲಾ, ಅಂದರೆ ನಾನು, ಮಾಳಿಗೆ, ಪಂಪ್‌ಸೆಟ್ ಮನೆಗಳ ಮೇಲೆಲ್ಲ ಫೋನಿನ ಸಂದೇಶವನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುವ ಸಣ್ಣ ರೇಡಿಯೋ ಪೆಟ್ಟಿಗೆ ಕೂರಿಸಿದ್ದೆ. ಸಂದೇಶವೆಲ್ಲ ಊರಿಗೇ ಎತ್ತರವಾದ ಚನ್ನಯ್ಯನ ಮಾಳಿಗೆಯ ಪೆಟ್ಟಿಗೆಯನ್ನು ದಾಟಿಯೇ ಹೋಗಬೇಕು. ಆ ಬುದ್ಧಿವಂತಿಕೆಯೂ ನನ್ನದೇ.

ಕಳೆದ ವಾರ ಎಲ್ಲೋ ಗಲಾಟೆಯೆಂದು ಇಂಟರ್ನೆಟ್ ಬಂದ್ ಆಯಿತು. ಸಮಯ ನೋಡಿ ಅಧ್ಯಕ್ಷ ಶಂಭುಲಿಂಗ ಸಂಜೆಯ ಗ್ರಾಮಸಭೆಯನ್ನು ಬೆಳಿಗ್ಗೆ ಹತ್ತಕ್ಕೇ ಎಳೆದ. ನೀರಿನ ಟ್ಯಾಂಕ್ ನಮ್ಮ ಕೆಳಗಿನ ಓಣಿಗೋ ಅವನ ಓಣಿಗೋ ಎಂಬುದು ಅಂದೇ ತೀರ್ಮಾನ. ನನಗೆ ಗೊತ್ತಾದಾಗ ಎಂಟು ಗಂಟೆ. ನಮ್ಮ ಓಣಿಯ ಹೆಂಗಸರೆಲ್ಲ ದೂರದ ಹೊಲಗಳಲ್ಲಿ. ಸಂದೇಶ ಕಳಿಸಿದೆ, ಹೋಗಲಿಲ್ಲ. ಶಂಭುಲಿಂಗನ ಬೀಗನಾದ ಚನ್ನಯ್ಯ ಪೆಟ್ಟಿಗೆಯ ಪ್ಲಗ್ ಕಿತ್ತಿದ್ದ. ನನಗೆ ಮೈಯೆಲ್ಲ ಉರಿದುಹೋಯಿತು.

ನನ್ನ ಕೂಗಾಟಕ್ಕೆ ಅತ್ತೆ ಗುರುಶಾಂತವ್ವ ಅಡುಗೆಮನೆಯಿಂದ ಬಂದರು.

"ಎಲ್ಲಾ ಆ ಚನ್ನಯ್ಯನ ಮನಿ ಮ್ಯಾಲಿಂದನ ಹೋಗಬೇಕೇನವಾ?"

"ಹೂಂ ಅತ್ತಿ. ಅದ ಎತ್ತರ ಐತಿ."

"ಹಾಲಿಗೆ ಹೆಪ್ಪು ಬೇಕಂದ್ರ ನಾ ಒಂದ ಮನಿ ನಂಬಿ ಕುಂದರ್ತೀನೇನ? ಗಂಗವ್ವನ ಮನ್ಯಾಗ ಇಲ್ಲಂದ್ರ ಪರಿಮಳಾನ ಮನಿ. ಅಲ್ಲೂ ಇಲ್ಲಂದ್ರ ಅಧ್ಯಕ್ಷರ ಹೇಣ್ತಿ ಮಹೇಶ್ವರಿ ಕೊಡ್ತಾಳ. ಹೆಪ್ಪಿಗೆ ಯಾರೂ ಇಲ್ಲ ಅನ್ನಂಗಿಲ್ಲ."

ಹದಿನೈದು ವರ್ಷ ಪಾಠ ಮಾಡಿದ ನನಗೆ ನಾಚಿಕೆಯಾಯಿತು. ಲ್ಯಾಪ್‌ಟಾಪ್ ತೆರೆದು ಪಕ್ಕದ ಪೆಟ್ಟಿಗೆಗೆ ಹೊಸ ಅಪ್ಪಣೆ ಕೊಟ್ಟೆ: ಹತ್ತಿರ ಯಾವ ಪೆಟ್ಟಿಗೆ ಸಿಕ್ಕರೂ ದಾಟಿಸು. ಅದು ತನ್ನ ಪಕ್ಕದ್ದಕ್ಕೆ ಹೇಳಿತು, ಹೀಗೆ ಅಪ್ಪಣೆ ಎಲ್ಲ ಪೆಟ್ಟಿಗೆಗೂ ಹಬ್ಬಿತು. ಸಂದೇಶ ಮತ್ತೆ ಕಳಿಸಿದೆ. ಒಂಬತ್ತಾಗುವಷ್ಟರಲ್ಲಿ ಹೊಲದಿಂದ ಗಂಗವ್ವನ ಉತ್ತರ ಬಂತು: "ಹೊಂಟ್ವಿ." ನಾನು ಅತ್ತೆಯನ್ನು ತಬ್ಬಿಕೊಂಡೇಬಿಟ್ಟೆ.

ಹತ್ತಕ್ಕೆ ಕೆಸರುಗಾಲಲ್ಲೇ ಮೂವತ್ತೆಂಟು ಹೆಂಗಸರು ಸಭೆಗೆ ನುಗ್ಗಿದರು. ಶಂಭುಲಿಂಗನ ಮುಖ ಸಣ್ಣದಾಯಿತು.

"ಇವರಿಗೆಲ್ಲಾ ಯಾರು ಹೇಳಿದ್ರು?"

ಹಿಂದಿನ ಸಾಲಿನಿಂದ ಮಹೇಶ್ವರಿ ಎದ್ದಳು. "ನಮ್ಮ ಮಾಳಿಗಿ ಮ್ಯಾಲಿನ ಪೆಟಿಗಿ ದಾಟೇ ಹೋಗೇತ್ರೀ ಸುದ್ದಿ. ಪ್ಲಗ್ ಕೀಳಾಕ ನಂಗ್ಯಾರೂ ಹೇಳಿದ್ದಿಲ್ಲ."

ಸಭೆ ಬಿದ್ದು ಬಿದ್ದು ನಕ್ಕಿತು. ಟ್ಯಾಂಕ್ ಕೆಳಗಿನ ಓಣಿಗೇ ಆಯಿತು.

ಸಂಜೆ ಅತ್ತೆ ಬಟ್ಟಲು ಹಿಡಿದು, ಹೆಪ್ಪು ತರುತ್ತೇನೆಂದು ಮಹೇಶ್ವರಿಯ ಮನೆಗೆ ಹೊರಟರು. ನಮ್ಮಲ್ಲಿ ಗಡಿಗೆ ತುಂಬ ಮೊಸರಿತ್ತು.