ಅಳಿಸುವ ಪಟ್ಟಿಯಲ್ಲಿದ್ದ ಪುಟಗಳು

ಅವರು ಪತ್ರಿಕೆಯೊಂದರಲ್ಲಿ ಇಪ್ಪತ್ತೇಳು ವರ್ಷ ಕರಡು ತಿದ್ದಿದ ಮೇಲೆ ಆ ಪತ್ರಿಕೆಯೇ ಮುಚ್ಚಿಹೋಯಿತು. ಐವತ್ತೊಂದನೆಯ ವಯಸ್ಸಿನಲ್ಲಿ ಅವರಿಗೆ ಸಿಕ್ಕಿದ ಹೊಸ ಕೆಲಸ, ಜನರ ಬ್ಲಾಗುಗಳಿಗೆ ಅಂತರ್ಜಾಲದಲ್ಲಿ ಜಾಗ ಕೊಡುವ ಸಣ್ಣ ಕಂಪನಿಯೊಂದರಲ್ಲಿ ಗ್ರಾಹಕರ ಪತ್ರಗಳಿಗೆ ಉತ್ತರ ಬರೆಯುವುದು. ಎರಡು ಸಾಲಿನ ಉತ್ತರವನ್ನೂ ಮೂರು ಸಲ ಓದಿ, ಕೊನೆಗೆ ಚುಕ್ಕೆ ಬಿದ್ದಿದೆಯೇ ಎಂದು ನೋಡಿಯೇ ಕಳಿಸುತ್ತಿದ್ದುದರಿಂದ ಆಫೀಸಿನವರು ಅವರಿಗೆ ‘ಪೂರ್ಣವಿರಾಮ’ ಎಂದು ಹೆಸರಿಟ್ಟಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು. “ಅಲ್ಪವಿರಾಮ ಅನ್ನಲಿಲ್ವಲ್ಲ, ಪುಣ್ಯ” ಎಂದು ನಕ್ಕು ಸುಮ್ಮನಾಗಿದ್ದರು.

ಬ್ಲಾಗುಗಳ ಬಗ್ಗೆ ಮಾತ್ರ ಅವರಿಗೆ ಗೌರವವಿರಲಿಲ್ಲ. ಯಾರೂ ತಿದ್ದದ್ದು, ಯಾರೂ ಅಚ್ಚಿಗೆ ಒಪ್ಪದ್ದು ಬರಹ ಹೇಗಾದೀತು ಎಂಬುದು ಅವರ ವಾದ.

ಒಂದು ಸೋಮವಾರ ಬೆಳಿಗ್ಗೆ ಮ್ಯಾನೇಜರಮ್ಮ ಅವರ ಮೇಜಿನ ಮೇಲೆ ಒಂದು ಉದ್ದನೆಯ ಪಟ್ಟಿ ತಂದಿಟ್ಟಳು. ವಯಸ್ಸಿನಲ್ಲಿ ಅವರಿಗಿಂತ ತೀರಾ ಚಿಕ್ಕವಳು.

“ಸರ್, ಹಳೇ ಸರ್ವರ್‌ನ ತಿಂಗಳ ಕೊನೆಗೆ ನಿಲ್ಲಿಸ್ತಾ ಇದ್ದೀವಿ. ಅದರಲ್ಲಿರೋ ಬ್ಲಾಗುಗಳ ಮಾಲೀಕರಿಗೆಲ್ಲ ಮೇಲ್ ಕಳ್ಸಿದ್ವಿ. ಉತ್ತರ ಕೊಟ್ಟವರದ್ದನ್ನ ಹೊಸದಕ್ಕೆ ಸಾಗಿಸಾಯ್ತು. ಈ ನಾನೂರ ಹದಿನೆಂಟು ಉಳಿದಿವೆ. ಫೋನ್ ನಂಬರ್ ಇದ್ರೆ ಒಂದ್ಸಲ ಮಾಡಿ ನೋಡಿ. ಒಪ್ಪಿಗೆ ಸಿಗದೇ ಹೋದ್ರೆ ಅಳಿಸೋ ಪಟ್ಟಿಗೆ ಹಾಕ್ಬಿಡಿ.”

“ಓದ್ಬೇಕಾ?”

“ಅಯ್ಯೋ, ಅಷ್ಟೊಂದು ಯಾಕೆ ಓದ್ತೀರಾ? ಪುಟ ತೆರೆಯುತ್ತಾ ಇಲ್ವಾ ನೋಡಿದ್ರೆ ಸಾಕು.”

ಆದರೆ ಅಕ್ಷರ ಕಂಡ ಮೇಲೆ ಓದದೆ ಬಿಡುವುದು ಅವರ ಕಣ್ಣಿಗೆ ಅಭ್ಯಾಸವಿರಲಿಲ್ಲ. ಮೊದಲ ಬ್ಲಾಗು ಜ್ವರದಲ್ಲಿ ಮೂಗಿನ ಶಕ್ತಿ ಕಳೆದುಕೊಂಡವನೊಬ್ಬನದು. ನೆನಪಿನಲ್ಲಿ ಉಳಿದ ವಾಸನೆಗಳನ್ನು ಅವನು ದಿನಕ್ಕೊಂದರಂತೆ ಬರೆದಿಟ್ಟಿದ್ದ: ಒದ್ದೆ ಸೀಮೆಸುಣ್ಣ, ಹೊಸ ಟೈರು, ಅಮ್ಮನ ದಿಂಬು. ಮುಂದಿನದರಲ್ಲಿ ಹೆಂಗಸೊಬ್ಬಳು ತನ್ನ ತಂಗಿಯ ಜೊತೆ ಆಡಿದ ಜಗಳಗಳನ್ನೆಲ್ಲ ಎರಡೂ ಕಡೆಯ ಮಾತಿನ ಸಮೇತ ದಾಖಲಿಸಿದ್ದಳು. ಹದಿನಾಲ್ಕನೆಯ ಜಗಳದ ಕೆಳಗೆ, ‘ಈಗ ಓದಿ ನೋಡಿದರೆ ಅವಳದೇ ಸರಿ’ ಎಂದಿತ್ತು. ಚಪ್ಪಲಿ ರಿಪೇರಿಯವನೊಬ್ಬ ಸವೆದ ಹಿಮ್ಮಡಿ ನೋಡಿ ಆಳಿನ ನಡಿಗೆ ಹೇಳುತ್ತಿದ್ದ. ಇನ್ನೊಬ್ಬ ಒಂದೇ ಸಾಲು ಬರೆದಿದ್ದ: ‘ನಾಳೆಯಿಂದ ದಿನಾ ಬರೆಯುತ್ತೇನೆ.’ ಆ ನಾಳೆಗೆ ಒಂಬತ್ತು ವರ್ಷವಾಗಿತ್ತು.

ಮೊದಲೆರಡು ದಿನ ಅವರು ಪಕ್ಕದಲ್ಲೊಂದು ನೋಟ್‌ಬುಕ್ ಇಟ್ಟುಕೊಂಡು ಕಂಡ ತಪ್ಪುಗಳನ್ನೆಲ್ಲ ಬರೆದುಕೊಂಡರು. ಮೂರನೆಯ ದಿನ ಬರೆದುಕೊಳ್ಳುವುದು ಮರೆತುಹೋಯಿತು. ಮರೆತಿದ್ದು ಸಂಜೆ ಬಸ್ಸಿನಲ್ಲಿ ಕೂತಾಗ ತಿಳಿಯಿತು.

ಮುಂದಿನ ವಾರ ‘ಹೊಲಿಗೆ ಕೋಣೆ’ ಎಂಬ ಬ್ಲಾಗು ತೆರೆಯಿತು. ಬರೆದವಳು ದೊಡ್ಡ ಆಸ್ಪತ್ರೆಯೊಂದರಲ್ಲಿ ಹರಿದ ಚಾದರಗಳನ್ನು ಹೊಲಿಯುವವಳು.

‘ಇವತ್ತು ಹನ್ನೊಂದು ಚಾದರ. ಮಂಚದ ಕಂಬಿ ಹಿಡ್ಕೊಂಡು ಒದ್ದಾಡಿದವರದ್ದು ಅಂಚಲ್ಲಿ ಹರಿಯತ್ತೆ. ನೋವು ನುಂಗ್ಕೊಂಡವರದ್ದು ಮಧ್ಯದಲ್ಲಿ, ಮುಷ್ಟಿ ಇರೋ ಜಾಗದಲ್ಲಿ.’

‘ಹೆರಿಗೆ ವಾರ್ಡಿನ ಬಟ್ಟೆಗೆ ದಾರದ ಗಂಟು ಕೆಳಗಡೆ ಬರೋ ಹಾಗೆ ಹೊಲೀಬೇಕು. ಮಗು ಬೆನ್ನಿಗೆ ಒತ್ತಬಾರದು. ಇದನ್ನ ಯಾರೂ ಹೇಳ್ಕೊಟ್ಟಿಲ್ಲ.’

ಅಂಥವು ಇನ್ನೂರಾ ಆರು ಬರಹಗಳಿದ್ದವು. ಅವರು ಎರಡು ದಿನ ಬೇರೆ ಏನನ್ನೂ ಮುಟ್ಟಲಿಲ್ಲ. ಕೊನೆಯದು ಆರು ವರ್ಷದ ಹಿಂದಿನದು: ‘ನಾಳೆ ನಂಗೇ ಆಪರೇಷನ್. ಯಾವ ಚಾದರ ಹಾಸ್ತಾರೋ ನೋಡ್ಬೇಕು. ನಾನು ಹೊಲಿದಿದ್ದಾದ್ರೆ ಬೆನ್ನಿಗೇ ಗೊತ್ತಾಗತ್ತೆ. ಬಂದು ಬರೀತೀನಿ.’

ಅದರ ಕೆಳಗೆ, ತನ್ನನ್ನು ‘ಲಿಫ್ಟ್ ರಿಪೇರಿಯವನು’ ಎಂದು ಕರೆದುಕೊಂಡ ಓದುಗನೊಬ್ಬ ‘ಅಕ್ಕಾ, ಹೇಗಿದ್ದೀರಿ?’ ಎಂದು ಕೇಳಿದ್ದ. ಮರುವರ್ಷ ಮತ್ತೆ ಕೇಳಿದ್ದ. ಹೀಗೆ ಆರು ಸಲ. ಕೊನೆಯದಕ್ಕೆ ಇನ್ನೂ ಮೂರು ತಿಂಗಳೂ ತುಂಬಿರಲಿಲ್ಲ.

ಪಟ್ಟಿಯಲ್ಲಿದ್ದ ನಂಬರಿಗೆ ಪೂರ್ಣವಿರಾಮ ಫೋನ್ ಮಾಡಿದರು. ಗಂಡಸಿನ ದನಿ ಬಂತು. ಬ್ಲಾಗಿನ ವಿಷಯ ಹೇಳಿದರು.

“ಅವಳು ಇಲ್ಲ. ಆರು ವರ್ಷ ಆಯ್ತು,” ಅಂದಿತು ಆ ದನಿ. “ನಾನು ಅವಳ ಗಂಡ. ಆದ್ರೆ ನೀವು ಬೇರೆ ಯಾರನ್ನೋ ಹುಡುಕ್ತಾ ಇರ್ಬೇಕು ಸ್ವಾಮಿ. ನಮ್ಮನೆಯವಳು ಬರೆಯೋಳಲ್ಲ. ಸಾಮಾನು ಚೀಟಿ ಬರಿ ಅಂದ್ರೂ ನನ್ ಕೈಗೇ ಪೆನ್ ಕೊಡ್ತಿದ್ಲು.”

ಪೂರ್ಣವಿರಾಮ ಪರದೆಯ ಮೇಲಿದ್ದ ಒಂದು ಸಾಲನ್ನು ಓದಿದರು: “ನಮ್ಮನೆಯವರದ್ದು ಕಿಟಕಿಗೆ ಗಾಜು ಕೂರಿಸೋ ಕೆಲಸ. ಅವರ ಬೆರಳಿಗೆ ಪಟ್ಟಿ ಕಟ್ಟಿ ಕಟ್ಟಿ ನಾನು ಅರ್ಧ ನರ್ಸ್ ಆಗಿದ್ದೀನಿ.”

ಅತ್ತ ಕಡೆ ಏನನ್ನೋ ಕೆಳಗಿಟ್ಟ ಸದ್ದಾಯಿತು.

“ನಿಮ್ಮ ಆಫೀಸು ಎಲ್ಲಿ?”

ಮರುದಿನ ಮಧ್ಯಾಹ್ನ ಗಾಜಿನವರು ಬಂದರು. ಅರವತ್ತರ ಹತ್ತಿರದ ಗಟ್ಟಿ ಆಳು. ಎರಡೂ ಕೈಗಳ ಬೆರಳುಗಳಲ್ಲಿ ಸಣ್ಣ ಸಣ್ಣ ಬಿಳಿ ಗೆರೆಗಳು. ಕುರ್ಚಿಯ ತುದಿಯಲ್ಲಿ ಕೂತು, “ಕನ್ನಡಕ ಬಿಟ್ಟು ಬಂದಿದ್ದೀನಿ. ನೀವೇ ಓದಿ” ಅಂದರು. ಕನ್ನಡಕ ಅವರ ಜೇಬಿನಿಂದ ಇಣುಕುತ್ತಿತ್ತು. ಪೂರ್ಣವಿರಾಮ ಅದನ್ನು ನೋಡಿಯೂ ನೋಡದವರಂತೆ ಓದತೊಡಗಿದರು.

ಹನ್ನೊಂದು ಚಾದರಗಳ ಬರಹಕ್ಕೆ ಗಾಜಿನವರು ತಲೆಯಾಡಿಸಿದರು. ತಾವು ಏಣಿಯಿಂದ ಜಾರಿ ಬಿದ್ದ ಕತೆ ಬಂದಾಗ, “ಅದನ್ನೂ ಬರ್ದಿದ್ದಾಳಾ? ಮಾನ ಕಳೆದ್ಲು!” ಎಂದು ನಕ್ಕರು. ಆ ನಗು ಇನ್ನೂ ಮುಖದ ಮೇಲಿರುವಾಗಲೇ ಮುಂದಿನ ಬರಹ ಬಂತು.

“ನಮ್ಮ ಮಗಳು ನಾಲ್ಕು ದಿನ ಇದ್ಲು. ಇವತ್ತಿಗೆ ಹತ್ತೊಂಬತ್ತು ವರ್ಷ. ಇವರು ಆ ಮಾತೇ ಎತ್ತಲ್ಲ. ನಾನೂ ಎತ್ತಲ್ಲ. ಎತ್ತಿದ್ರೆ ಇವರು ಕುಸಿದು ಹೋಗ್ತಾರೇನೋ ಅಂತ ಭಯ. ಅದಕ್ಕೇ ಇಲ್ಲಿ…”

“ನಿಲ್ಸಿ.”

ಪೂರ್ಣವಿರಾಮ ನಿಲ್ಲಿಸಿದರು. ಗಾಜಿನವರು ತಮ್ಮ ಕೈಗಳನ್ನೇ ನೋಡುತ್ತಾ ಕೂತರು.

“ಅವಳು ಕುಸೀತಾಳೆ ಅಂತ ನಾನು ಬಾಯಿ ಬಿಟ್ಟಿರ್ಲಿಲ್ಲ,” ಅಂದರು. “ಕಂಡು ಕೇಳರಿಯದವರಿಗೆಲ್ಲ ಹೇಳ್ಕೊಂಡಿದ್ದಾಳೆ. ಪಕ್ಕದಲ್ಲೇ ಮಲಗ್ತಿದ್ದವನಿಗೆ ಹೇಳಿಲ್ಲ.” ದನಿ ಗಡುಸಾಯಿತು. “ಅಳಿಸ್ಬಿಡಿ. ಎಲ್ಲಿ ಸಹಿ ಹಾಕ್ಬೇಕು?”

“ಯಜಮಾನ್ರೆ, ಎರಡು ದಿನ ಯೋಚ್ನೆ ಮಾಡಿ…”

“ಎಲ್ಲಿ ಸಹಿ ಹಾಕ್ಬೇಕು ಹೇಳಿ.”

ಸಹಿ ಹಾಕಿ, ತಿರುಗಿ ನೋಡದೆ ಹೊರಟುಹೋದರು. ಪೂರ್ಣವಿರಾಮ ಆ ಕಾಗದವನ್ನು ಮ್ಯಾನೇಜರಮ್ಮನ ಬಳಿಗೆ ಒಯ್ದರು. ಅವಳು ಎಲ್ಲ ಕೇಳಿಸಿಕೊಂಡಳು.

“ನಂಗೂ ಸಂಕಟ ಆಗತ್ತೆ ಸರ್. ಆದ್ರೆ ಬರೆದವರು ಹೋದ ಮೇಲೆ ಮನೆಯವರ ಮಾತೇ ಕೊನೆ. ನಾವು ಗುಟ್ಟಾಗಿ ಇಟ್ಕೊಂಡ್ರೆ ಅದು ಕಳ್ಳತನ.”

“ಅವರಿಗೆ ಒಂದು ಪ್ರತಿ ಕೊಡಬಹುದಲ್ಲ?”

“ಧಾರಾಳವಾಗಿ.”

ಅವರು ಇನ್ನೂರಾ ಆರು ಬರಹಗಳನ್ನೂ, ಕೆಳಗಿದ್ದ ಓದುಗರ ಮಾತುಗಳನ್ನೂ ಮುದ್ರಿಸಿಕೊಂಡರು. ಜೀವಮಾನದಲ್ಲಿ ಮೊದಲ ಸಲ, ಕಣ್ಣಿಗೆ ಕಾಣುತ್ತಿದ್ದ ತಪ್ಪುಗಳನ್ನು ಇದ್ದ ಹಾಗೇ ಬಿಟ್ಟರು. ಮರುದಿನ ಬೆಳಿಗ್ಗೆ ಗಾಜಿನ ಅಂಗಡಿ ಹುಡುಕಿಕೊಂಡು ಹೋದರು. ಗಾಜಿನವರು ಮೇಜಿನ ಮೇಲೆ ದೊಡ್ಡ ಗಾಜಿನ ಹಾಳೆ ಹಾಸಿ ಗೆರೆ ಕೊರೆಯುತ್ತಿದ್ದರು. ತಲೆ ಎತ್ತಲಿಲ್ಲ.

“ಅಳಿಸೋದು ಅಳಿಸ್ತೀನಿ,” ಅಂದರು ಪೂರ್ಣವಿರಾಮ. “ಇದು ನಿಮ್ಮನೇದು. ಮನೇಲಿರ್ಲಿ.”

“ಅಲ್ಲಿಡಿ.”

ಇಟ್ಟು ಬಂದರು. ತಿಂಗಳ ಕೊನೆಗೆ ಉಳಿದಿದ್ದ ಮೂರು ದಿನ ಅವರು ಪಟ್ಟಿಯಲ್ಲಿ ಉಳಿದವರಿಗೆಲ್ಲ ಪಟ್ಟುಬಿಡದೆ ಫೋನ್ ಮಾಡಿದರು. ಜಗಳದ ಅಕ್ಕ ಸಿಕ್ಕಳು. ಈಗ ತಂಗಿಯ ಮನೆಯಲ್ಲೇ ಇದ್ದಾಳಂತೆ, ಉಳಿಸಿ ಎಂದಳು. ಚಪ್ಪಲಿಯವನೂ ಒಪ್ಪಿದ. ವಾಸನೆಗಳ ಮನುಷ್ಯನ ನಂಬರು ಚಾಲ್ತಿಯಲ್ಲಿರಲಿಲ್ಲ. ಅವನ ಹಳೆಯ ವಿಳಾಸಕ್ಕೆ ವಾರದ ಹಿಂದೆಯೇ ಹಾಕಿದ್ದ ಕಾಗದವೂ ವಾಪಸಾಯಿತು.

ಕೊನೆಯ ದಿನ ಮೂರೂವರೆಗೆ ಗಾಜಿನವರ ಫೋನ್ ಬಂತು.

“ಅಳಿಸಿದ್ರಾ?”

“ಇನ್ನೂ ಇಲ್ಲ. ಐದು ಗಂಟೆಗೆ.”

“ಬೇಡ. ಎಲ್ಲಾ ಓದಿದೆ. ಒಂದೊಂದು ಕಡೆ ಬೈಕೊಂಡೆ, ಒಂದೊಂದು ಕಡೆ… ಹೋಗ್ಲಿ ಬಿಡಿ. ಆ ಲಿಫ್ಟಿನವನು ಆರು ವರ್ಷದಿಂದ ಕೇಳ್ತಾನೇ ಇದ್ದಾನಲ್ಲ ಸ್ವಾಮಿ. ಉತ್ತರ ಕೊಡೋಕೆ ನಾನಲ್ದೆ ಇನ್ಯಾರಿದ್ದಾರೆ? ನಾನು ಹೇಳ್ತೀನಿ, ನೀವು ಒತ್ತಿ.”

ಅವರು ಹೇಳುತ್ತಾ ಹೋದರು. ಪೂರ್ಣವಿರಾಮ ಅವರ ಮಾತನ್ನೇ ಅಕ್ಷರಕ್ಕಿಳಿಸಿದರು.

‘ತಮ್ಮಾ, ನಾನು ಅವಳ ಗಂಡ. ಆಪರೇಷನ್ ಆದ ಮೂರನೇ ದಿನ ಅವಳು ತೀರಿಕೊಂಡಳು. ನೀನು ಕೇಳ್ತಾ ಇದ್ದಿದ್ದು ನಂಗೆ ಗೊತ್ತಿರಲಿಲ್ಲ. ಅವಳು ಇಲ್ಲಿ ಬರೀತಿದ್ದದ್ದೇ ಗೊತ್ತಿರಲಿಲ್ಲ. ನಮಗೊಬ್ಬಳು ಮಗಳಿದ್ದಳು. ಅವಳ ಕಿವಿ ನನ್ನ ಕಿವಿ ಥರಾನೇ ಇತ್ತು. ಇದನ್ನ ನಾನು ಯಾರಿಗೂ ಹೇಳಿಲ್ಲ, ನಿನ್ನ ಅಕ್ಕನಿಗೂ ಹೇಳಿಲ್ಲ.’

“ಸಾಕಾ?” ಕೇಳಿದರು ಗಾಜಿನವರು.

“ಸಾಕು,” ಅಂದರು ಪೂರ್ಣವಿರಾಮ. ಕಣ್ಣು ಒರೆಸಿಕೊಂಡು ಒಪ್ಪಿಗೆಯ ಕಾಗದ ಸಿದ್ಧಮಾಡಿದರು.

ಐದು ಗಂಟೆಗೆ ಸರ್ವರ್ ನಿಂತಿತು. ನಾನೂರ ಹದಿನೆಂಟರಲ್ಲಿ ಎಪ್ಪತ್ತಮೂರು ಉಳಿದಿದ್ದವು. ಪೂರ್ಣವಿರಾಮ ವಾಸನೆಗಳ ಪುಟವನ್ನು ಮತ್ತೊಮ್ಮೆ ತೆರೆಯಲು ನೋಡಿದರು. ಖಾಲಿ ಪರದೆ ಬಂತು. ಅವರು ಅದರ ಮುಂದೆ ಸ್ವಲ್ಪ ಹೊತ್ತು ಕೂತೇ ಇದ್ದರು. ಮ್ಯಾನೇಜರಮ್ಮ ತನ್ನ ಕೈಚೀಲ ಹೆಗಲಿಗೇರಿಸಿ, ಒಂದು ಲೋಟ ನೀರು ತಂದಿಟ್ಟು ಹೋದಳು.

ಎರಡು ವಾರ ಕಳೆದು ಒಂದು ಭಾನುವಾರ ಗಾಜಿನವರು ಅಂಗಡಿಗೆ ಕರೆದರು. ಲಿಫ್ಟಿನವನು ಉದ್ದನೆಯ ಉತ್ತರ ಬರೆದಿದ್ದನಂತೆ. ಅದರ ಜೊತೆಗೆ, ಅಕ್ಕನೂ ತಾನೂ ಆ ಕಾಲದಲ್ಲಿ ತಪ್ಪದೆ ಓದುತ್ತಿದ್ದ ಐದಾರು ಬ್ಲಾಗುಗಳ ವಿಳಾಸವನ್ನೂ ಕೊಟ್ಟಿದ್ದ. ಅವುಗಳನ್ನು ಫೋನಿನಲ್ಲಿ ತೆರೆಯುವುದು ಹೇಗೆಂದು ಗಾಜಿನವರಿಗೆ ಕಲಿಯಬೇಕಿತ್ತು.

ಇಬ್ಬರೂ ಗಾಜು ಕೊರೆಯುವ ಮೇಜನ್ನು ಬಟ್ಟೆಯಿಂದ ಒರೆಸಿ ಎದುರುಬದುರು ಕೂತರು. ಮೊದಲನೆಯದು ಮುಚ್ಚಿಹೋಗಿತ್ತು. ಎರಡನೆಯದು ತೆರೆಯಿತು. ಕಿವಿ ಕೇಳದ ಗಡಿಯಾರ ರಿಪೇರಿಯವಳೊಬ್ಬಳು ಅಲ್ಲಿ ಬರೆಯುತ್ತಿದ್ದಳು. ಗಡಿಯಾರ ನಡೆಯುತ್ತಿದೆಯೇ ಎಂದು ಅವಳು ಹಲ್ಲಿಗೆ ಒತ್ತಿ ನೋಡುತ್ತಾಳಂತೆ. ಹೋದ ಗುರುವಾರವೂ ಬರೆದಿದ್ದಳು.

ಗಾಜಿನವರು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು. “ಇದನ್ನ ನಾನೇ ಓದ್ತೀನಿ. ತಡವರಿಸಿದ್ರೆ ತಿದ್ದಬೇಡಿ,” ಎಂದು ಫೋನನ್ನು ತಮ್ಮ ಕಡೆ ತಿರುಗಿಸಿಕೊಂಡರು.