ಆಲ್ಗೋತನ ದೋಣಿಯ ಹಗ್ಗ

ಅಕ್ಟೋಬರಿನಲ್ಲಿ ದೋಣಿಗಳನ್ನು ಚಳಿಗಾಲಕ್ಕೆಂದು ನೀರಿನಿಂದ ಅಂಗಳಕ್ಕೆ ಎತ್ತಿಡುವ ಶನಿವಾರ ನಮ್ಮ ದೋಣಿ ಸಂಘದವರಿಗೆಲ್ಲ ಮೂಗಿನ ತುದಿಯಲ್ಲೇ ಕೋಪ. ಬಾಡಿಗೆಯ ಕ್ರೇನು ಯಾರಿಗೂ ಕಾಯುವುದಿಲ್ಲ, ಚಳಿಗೆ ಬೆರಳು ಮರಗಟ್ಟಿರುತ್ತವೆ, ಬೇಸಿಗೆ ಮುಗಿಯಿತಲ್ಲ ಎಂಬ ಸಂಕಟ ಬೇರೆ. ಹೋಗಲಿ, ಅದು ಸಂಜೆಗೆ ಇಳಿಯುವ ಕೋಪ. ಆಲ್ಗೋತನಿಗೆ ನಮ್ಮ ಮನೆಯವರ ಮೇಲಿದ್ದ ಕೋಪ ಮಾತ್ರ ಇಪ್ಪತ್ತು ವರ್ಷವಾದರೂ ಇಳಿದಿರಲಿಲ್ಲ.

ಶುರುವಿನ ತಪ್ಪು ನನ್ನ ಗಂಡ ಇವಾರನದೇ, ಸುಳ್ಳು ಹೇಳಿ ಏನಾಗಬೇಕು. ಆಗ ನಾವು ದೋಣಿಗೆ ಹೊಸಬರು. ಅಂಗಳದಲ್ಲಿ ಪಕ್ಕಕ್ಕೇ ನಿಲ್ಲಿಸಿದ್ದ ಆಲ್ಗೋತನ ದೋಣಿಯ ಕೆಳಗೆ ಒಂದು ಬಿರಡೆ ಬಿದ್ದಿತ್ತು. ಪಾಪ, ಕಳಚಿ ಬಿದ್ದಿದೆ ಎಂದುಕೊಂಡು ಇವಾರ್ ಅದನ್ನು ಅಡಿಯ ತೂತಿಗೆ ಭದ್ರವಾಗಿ ಜಡಿದ. ಒಳಗೆ ಇಳಿದ ಮಳೆನೀರು ಹೊರಗೆ ಹರಿದುಹೋಗಲಿ ಎಂದು ಚಳಿಗಾಲಕ್ಕೆ ಬಿರಡೆ ತೆಗೆದೇ ಇಡುತ್ತಾರೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ನೀರು ತುಂಬಿತು, ಹೆಪ್ಪುಗಟ್ಟಿತು, ವಸಂತದ ಹೊತ್ತಿಗೆ ಆಲ್ಗೋತನ ದೋಣಿಯ ಹಲಗೆಗಳು ಬಾಯಿಬಿಟ್ಟಿದ್ದವು.

ಆಲ್ಗೋತ್ ಹಟ ಹಿಡಿದು ಸಂಘದಲ್ಲಿ ಒಂದು ಕಟ್ಟಳೆ ಮಾಡಿಸಿದ. ಯಜಮಾನರು ಹೇಳದೆ ಇನ್ನೊಬ್ಬರ ದೋಣಿಗೆ ಕೈ ಹಚ್ಚಿದವರಿಗೆ ಅಂಗಳದಲ್ಲಿ ಚಳಿಗಾಲದ ಜಾಗ ಇಲ್ಲ. ಜಾಗ ಹೋದರೆ ದೋಣಿಯೂ ಹೋದ ಹಾಗೇ. ನಮ್ಮೂರಲ್ಲಿ ದೋಣಿ ನಿಲ್ಲಿಸಲು ಬೇರೆ ಅಂಗಳವಿಲ್ಲ, ನನ್ನ ಮನೆಯಿರುವುದು ಮೂರನೇ ಮಹಡಿಯಲ್ಲಿ.

ಈ ವಸಂತದಲ್ಲಿ ಇವಾರ್ ತೀರಿಕೊಂಡ. ಬೇಸಿಗೆಯೆಲ್ಲ ನಾನೊಬ್ಬಳೇ ಹಾಯಿ ಏರಿಸಿಕೊಂಡು ತಿರುಗಿದೆ. ಮನೆಯೊಳಗೆ ಕೂರಲು ಆಗುತ್ತಿರಲಿಲ್ಲ, ದೋಣಿಯಲ್ಲಿ ಆಗುತ್ತಿತ್ತು. ಅದೇ ಬೇಸಿಗೆಯಲ್ಲಿ ಆಲ್ಗೋತ್ ಇನ್ನೂ ಉದ್ದದ ದೋಣಿ ಕೊಂಡ. ಅಂಗಳದ ಅವನ ಜಾಗದಲ್ಲಿ ನಿಲ್ಲಿಸಿದರೆ ಅದರ ಮೂತಿ ದಾರಿಗೆ ಚಾಚುತ್ತಿತ್ತು. ಪಕ್ಕದ ನನ್ನ ಜಾಗವೂ ಸಿಕ್ಕಿದ್ದರೆ ಅಡ್ಡಡ್ಡ ನಿಲ್ಲಿಸಿಕೊಂಡು ಆರಾಮಾಗಿರುತ್ತಿದ್ದ. ಹಾಗಾಗಿ ಆ ಶನಿವಾರ ಅವನು ತನ್ನ ಕೆಲಸ ಬಿಟ್ಟು, ಜೇಬಿನಲ್ಲಿ ಕೈ ಇಟ್ಟುಕೊಂಡು, ನನ್ನ ತಪ್ಪು ಹುಡುಕುತ್ತ ನಿಂತ.

"ನೀವು ಅಡಿ ಇನ್ನೂ ತೊಳೆದಿಲ್ವಾ? ಪಾಚಿ ಒಣಗಿದ್ರೆ ಉಳಿ ಹಿಡಿದು ಕೆತ್ಬೇಕಾಗತ್ತೆ."

ನಮ್ಮಲ್ಲಿ ಎಲ್ಲರೂ ಎಲ್ಲರಿಗೂ 'ನೀನು' ಅನ್ನುತ್ತಾರೆ, ಡಾಕ್ಟರಿಗೂ, ಪಾದ್ರಿಗೂ. ಆಲ್ಗೋತ್ ನಮ್ಮಿಬ್ಬರಿಗೆ ಮಾತ್ರ 'ನೀವು' ಅನ್ನುತ್ತಿದ್ದ. ಅದು ಮರ್ಯಾದೆಯಲ್ಲ, ಮುಖಕ್ಕೆ ಉಗಿಯುವ ಬದಲು ಆಡುವ ಮಾತು.

"ತೊಳೀತಾ ಇದೀನಿ. ದೂರ ನಿಂತ್ಕೋ, ನಿನ್ನ ಬೂಟು ನೆನೆದ್ರೆ ನನ್ನ ಕೇಳ್ಬೇಡ," ಎಂದು ನೀರಿನ ಕೊಳವೆಯನ್ನು ಅವನ ಕಡೆಗೆ ಕೊಂಚ ತಿರುಗಿಸಿದೆ.

"ಬ್ಯಾಟರಿ?"

"ಮನೇಲಿ."

"ಹಾಯಿ?"

"ಅಟ್ಟದಲ್ಲಿ ಒಣಗ್ತಿದೆ. ನಿನ್ನ ನಾಲಿಗೆನೂ ಕೊಟ್ಟುಹೋಗು, ಪಕ್ಕದಲ್ಲೇ ನೇತುಹಾಕ್ತೀನಿ."

"ಬಿರಡೆ?" ಎಂದ, ಸುತ್ತಲಿನವರಿಗೂ ಕೇಳುವಂತೆ.

ಜೇಬಿನಿಂದ ಬಿರಡೆ ತೆಗೆದು ತೋರಿಸಿದೆ. ಅವನು ಆಚೆ ಕಡೆಯವರತ್ತ ತಿರುಗಿ, "ಈ ಮನೆಯವರು ಅದನ್ನ ಕಲಿತದ್ದು ನನ್ನ ದೋಣಿ ಮೇಲೆ," ಎಂದ. ಇಬ್ಬರು ನಕ್ಕರು. ನನಗೆ ಮೈ ಉರಿಯಿತು.

"ಇವಾರ್ ಇದ್ದಿದ್ರೆ ಈ ಹೊತ್ತಿಗೆ ಮುಗಿಸಿರ್ತಿದ್ದ," ಎಂದ ಮತ್ತೆ.

"ಅವನು ಇದ್ದಾಗ ಒಂದು ಒಳ್ಳೆ ಮಾತು ಆಡ್ಲಿಲ್ಲ ನೀನು."

"ಸತ್ತೋರ ಬಗ್ಗೆ ಆಡ್ಬೇಕಲ್ಲ, ಆಡ್ತಿದೀನಿ. ದೋಣಿ ಮಾರಿಬಿಡಿ, ಸಿಗ್ನೆ. ಒಬ್ಬ ಹೆಂಗಸಿಗೆ ಯಾಕೆ ಈ ತಾಪತ್ರಯ? ನಾನೇ ಗಿರಾಕಿ ಕರ್ಕೊಂಡು ಬರ್ತೀನಿ."

ನಮ್ಮ ಅಧ್ಯಕ್ಷೆ ಮೈ-ಬ್ರಿಟ್ ಎಲ್ಲರಿಗೂ ಸಾಸೇಜು ಬೇಯಿಸುತ್ತಿದ್ದಳು. ಅಲ್ಲಿಂದಲೇ ಸೌಟು ಎತ್ತಿ, "ಆಲ್ಗೋತ್, ನಿನ್ನ ದೋಣಿ ಬೆತ್ತಲೆ ನಿಂತಿದೆ. ಮೊದಲು ಅದಕ್ಕೊಂದು ಬಟ್ಟೆ ಹಾಕು," ಎಂದಳು. ಅವನು ಕದಲಲಿಲ್ಲ. ನಾನು ದೋಣಿಯೊಳಗಿನ ಹಾಸಿಗೆಗಳನ್ನು ಹೊರಗೆ ಹಾಕಿದೆ, ಒಳಗಿನ ಮುಚ್ಚಳಗಳನ್ನೆಲ್ಲ ತೆರೆದಿಟ್ಟೆ, ಮರದ ಚೌಕಟ್ಟು ಕೂರಿಸಿ ತಾರ್ಪಾಲು ಎಳೆದೆ. ಹಗ್ಗಗಳನ್ನು ದೋಣಿಯ ಹೊಟ್ಟೆಯಡಿಯಿಂದ ಹಾಯಿಸಿ ಈ ಕಡೆಯದನ್ನು ಆ ಕಡೆಯದಕ್ಕೆ ಬಿಗಿದೆ. ಅವನು ಪ್ರತಿ ಗಂಟನ್ನೂ ಬಗ್ಗಿ ನೋಡಿದ. ಏನೂ ಸಿಗಲಿಲ್ಲ.

ಬೆಳಕು ಜಾರಿದ ಮೇಲೆ ಅವನಿಗೆ ತನ್ನ ದೋಣಿಯ ನೆನಪಾಯಿತು. ಅವನ ಮನೆ ಎದುರಿನ ದ್ವೀಪದಲ್ಲಿ. ಕೊನೆಯ ಫೆರಿ ಹಿಡಿಯಬೇಕೆಂದು ಗಡಬಡಿಸಿ ತಾರ್ಪಾಲು ಹೊದಿಸಿ, ಹಗ್ಗ ಕಟ್ಟಿ, ನನ್ನ ಕಡೆ ತಿರುಗಿಯೂ ನೋಡದೆ ಓಡಿದ. ಬಿರುಗಾಳಿಯ ಎಚ್ಚರಿಕೆ ಇತ್ತು, ಉಳಿದವರೂ ಮನೆ ಸೇರಿದರು. ನಾನು ಹಾಸಿಗೆಗಳನ್ನು ಕಾರಿಗೆ ತುಂಬಲು ಅವನ ದೋಣಿಯ ಹಿಂಬದಿಯಿಂದ ಹಾದುಹೋಗುವಾಗ ಕಣ್ಣಿಗೆ ಬಿತ್ತು.

ಅವನು ತಾರ್ಪಾಲಿನ ಹಗ್ಗಗಳನ್ನು ಆಸರೆಗಂಬಗಳಿಗೆ ಕಟ್ಟಿದ್ದ.

ದೋಣಿಯನ್ನು ಎರಡೂ ಕಡೆಯಿಂದ ಒತ್ತಿ ನಿಲ್ಲಿಸಿರುವ ಕಂಬಗಳವು, ನೆಲಕ್ಕೆ ಹೂತವಲ್ಲ. ಗಾಳಿ ತಾರ್ಪಾಲನ್ನು ಬಡಿದಂತೆಲ್ಲ ಹಗ್ಗ ಕಂಬವನ್ನು ಜಗ್ಗುತ್ತದೆ, ಕಂಬ ಸರಿಯುತ್ತದೆ, ದೋಣಿ ಮಗ್ಗುಲಾಗುತ್ತದೆ. ನಮ್ಮ ಸಂಘಕ್ಕೆ ಸೇರಿದವರಿಗೆ ಮೊದಲ ದಿನ ಹೇಳಿಕೊಡುವ ಮಾತೇ ಇದು. ಇಡೀ ದಿನ ನನ್ನ ಗಂಟು ನೋಡುತ್ತ ನಿಂತವನು ತನ್ನದನ್ನು ಕತ್ತಲಲ್ಲಿ ಕೈಗೆ ಸಿಕ್ಕಲ್ಲಿ ಕಟ್ಟಿ ಹೋಗಿದ್ದ.

ಬೀಳಲಿ ಅನ್ನಿಸಿತು. ಚೆನ್ನಾಗಿಯೇ ಅನ್ನಿಸಿತು. ಗಾಳಿ ಬರುವುದು ನಮ್ಮ ಕಡೆಯಿಂದ, ಅವನ ದೋಣಿ ಉರುಳಿದರೂ ಆಚೆ ಕಡೆಗೇ ಉರುಳಬೇಕು, ನನ್ನದಕ್ಕೆ ತರಚೂ ಆಗುವುದಿಲ್ಲ. ಆದರೂ ಫೋನು ಮಾಡಿದೆ. ಅವನು ನಮ್ಮ ನಂಬರಿಗೆ ಎಂದೋ ಬಾಗಿಲು ಹಾಕಿದ್ದ, ರಿಂಗೂ ಆಗಲಿಲ್ಲ. ಮೈ-ಬ್ರಿಟ್‌ಗೆ ಮಾಡಿದೆ, ಎತ್ತಲಿಲ್ಲ. ಶನಿವಾರ ಸಂಜೆ ಅವಳು ಸೌನಾದ ಬಿಸಿಹಬೆಯ ಕೋಣೆ ಹೊಕ್ಕರೆ ಲೋಕ ಮುಳುಗಿದರೂ ಹೊರಬರುವುದಿಲ್ಲ.

ತಾರ್ಪಾಲು ಆಗಲೇ ಪಟಪಟ ಹೊಡೆದುಕೊಳ್ಳತೊಡಗಿತ್ತು. ಮುಂದಿನ ಕಂಬವೊಂದು ಅಲುಗಿದ್ದು ಕಾಣಿಸಿತು. ಆಲ್ಗೋತನನ್ನು ಬಾಯಿಗೆ ಬಂದಂತೆ ಬೈಯುತ್ತ ಹೋಗಿ ಒಂದೊಂದೇ ಹಗ್ಗ ಬಿಚ್ಚಿದೆ, ಹೊಟ್ಟೆಯಡಿಯಿಂದ ಹಾಯಿಸಿ ಕಟ್ಟಿದೆ, ಅಲುಗಿದ ಕಂಬವನ್ನು ಒದ್ದು ಒದ್ದು ಜಾಗಕ್ಕೆ ತಂದೆ. ಅವನ ಮೇಲಿನ ಕನಿಕರಕ್ಕಲ್ಲ. ನಿಂತ ದೋಣಿ ಬೀಳುವುದನ್ನು ನೋಡುತ್ತ ನಿಲ್ಲುವ ಜನ್ಮ ನನ್ನದಲ್ಲ, ಅಷ್ಟೇ.

ಭಾನುವಾರ ಬೆಳಗ್ಗೆ ಊರಲ್ಲಿ ಮರಗಳು ಉರುಳಿದ್ದವು, ಅಂಗಳದಲ್ಲಿ ದೋಣಿಗಳೆಲ್ಲ ನಿಂತೇ ಇದ್ದವು. ವರ್ಷದ ಕೊನೆಯ ಕಾಫಿಗೆ ಸಂಘದ ಕೋಣೆಯಲ್ಲಿ ಸೇರಿದೆವು. ದಾಲ್ಚಿನ್ನಿ ಬನ್ನಿನ ತಟ್ಟೆ ಇನ್ನೂ ಒಂದು ಸುತ್ತು ಬಂದಿರಲಿಲ್ಲ, ಆಲ್ಗೋತ್ ಎದ್ದು ನಿಂತ.

"ನಿನ್ನೆ ಯಾರೋ ನನ್ನ ದೋಣಿ ಮುಟ್ಟಿದಾರೆ. ಹಗ್ಗ ಬಿಚ್ಚಿ ಬೇರೆ ಕಟ್ಟಿದಾರೆ. ಎರಡು ಸುತ್ತು ಹಾಕಿ ಎಳೆಯೋ ಗಂಟು. ಅದು ಯಾರ ಮನೆ ಗಂಟು ಅಂತ ಎಲ್ರಿಗೂ ಗೊತ್ತು."

ಎಲ್ಲರೂ ನನ್ನ ಕಡೆ ನೋಡಿದರು. ಆ ಗಂಟು ಇವಾರನದು, ನನಗೆ ಕಲಿಸಿದವನೂ ಅವನೇ.

"ನಾನೇ ಕಟ್ಟಿದ್ದು," ಎಂದೆ. "ನೀನು ಆಸರೆಗಂಬಕ್ಕೆ ಕಟ್ಟಿದ್ದೆ."

ಕೋಣೆಯಲ್ಲಿ ಯಾರೋ ಸಣ್ಣಗೆ ಶಿಳ್ಳೆ ಹಾಕಿದರು. ಆಲ್ಗೋತನ ಕಿವಿ ಕೆಂಪಾದವು.

"ನಾನಾ? ಕಂಬಕ್ಕಾ? ನಲವತ್ತು ವರ್ಷದಿಂದ ದೋಣಿ ನಿಲ್ಲಿಸ್ತಿದೀನಿ ನಾನು. ಸುಳ್ಳು. ಅವತ್ತು ಗಂಡ ಬಿರಡೆ ಹಾಕ್ದ, ಇವತ್ತು ಹೆಂಡ್ತಿ ಹಗ್ಗ ಬಿಚ್ಚಿದಾಳೆ. ಕಟ್ಟಳೆ ಇದೆ, ಮೈ-ಬ್ರಿಟ್. ಓದಿ ಹೇಳ್ಬೇಕಾ?"

ಮೈ-ಬ್ರಿಟ್ ಮುಖ ಹುಳಿಯಾಯಿತು. "ಕಂಬಕ್ಕೆ ಕಟ್ಟಿದ್ದನ್ನ ಬೇರೆ ಯಾರಾದ್ರೂ ನೋಡಿದ್ರಾ?" ಎಂದು ಕೇಳಿದಳು. ಯಾರೂ ನೋಡಿರಲಿಲ್ಲ. "ಸಿಗ್ನೆ, ಮುಟ್ಟಿದ್ದು ನಿಜ ಅಂತ ನೀನೇ ಒಪ್ಕೊಂಡ್ಯಲ್ಲೇ. ನಾನೇನು ಮಾಡ್ಲಿ?"

ಕೈಯೆತ್ತಿಸಿ ತೀರ್ಮಾನಿಸುವುದಷ್ಟೇ ಬಾಕಿ. ಕಟ್ಟಳೆಗೆ ವಿರುದ್ಧ ಕೈಯೆತ್ತುವ ಜನ ನಮ್ಮವರಲ್ಲ. ವಸಂತದಲ್ಲಿ ಯಾರೋ ಅಪರಿಚಿತರು ಬಂದು ನನ್ನ ದೋಣಿಯ ಹಲಗೆ ತಟ್ಟಿ ನೋಡಿ ಬೆಲೆ ಕೇಳುವುದು ಕಣ್ಣಮುಂದೆ ಬಂತು. ಆಲ್ಗೋತನ ಮುಂದೆ ಅಳಬಾರದೆಂದು ಎದ್ದು ಕೋಟು ಹಾಕಿಕೊಂಡೆ. ಹಾಕಿಕೊಳ್ಳುವಾಗಲೇ ಹೊಳೆಯಿತು.

"ಸರಿ, ನಾನು ಸುಳ್ಳಿ," ಎಂದೆ. "ಮುಟ್ಟಿದ್ದಕ್ಕೆ ಜಾಗ ಕಿತ್ಕೊಳ್ಳಿ. ಆದ್ರೆ ಕೆಡಿಸಿದ್ದನ್ನ ಸರಿಮಾಡಿ ಹೋಗೋದು ಧರ್ಮ. ನಿನ್ನ ಹಗ್ಗ ಮೊದಲು ಹೇಗಿತ್ತೋ ಹಾಗೇ ಕಟ್ಟಿ ಬರ್ತೀನಿ, ಆಲ್ಗೋತ್. ನೀನು ಬಿಗಿದಲ್ಲೇ ಬಿಗೀತೀನಿ, ಒಂದಂಗುಲ ಆಚೆ ಈಚೆ ಆಗಲ್ಲ. ವಸಂತದವರೆಗೆ ಯಾರೂ ಮುಟ್ಟೋದು ಬೇಡ. ಬುಧವಾರ ಮತ್ತೆ ಗಾಳಿ ಇದೆಯಂತೆ. ನನ್ನ ಮಾತು ಸುಳ್ಳಾದ್ರೆ ನಿನಗೇನು ಭಯ?"

ಬಾಗಿಲಿನವರೆಗೆ ನಡೆದೆ. ಅವಸರ ಮಾಡಲಿಲ್ಲ. ಹಿಡಿಕೆ ತಿರುಗಿಸಿ ಹೊರಗೆ ಕಾಲಿಟ್ಟೆ.

"ಬೇಡ," ಎಂದ ಆಲ್ಗೋತ್.

"ಏನು ಬೇಡ?" ಎಂದಳು ಮೈ-ಬ್ರಿಟ್. "ಸರಿಯಾಗಿ ಹೇಳು."

"ಕಟ್ಟೋದು ಬೇಡ. ಈಗಿದ್ದ ಹಾಗೇ ಇರ್ಲಿ."

ಯಾರೂ ನಗಲಿಲ್ಲ. ನಕ್ಕಿದ್ದರೆ ಅವನಿಗೆ ಹಗುರಾಗುತ್ತಿತ್ತು. ಮೈ-ಬ್ರಿಟ್ ಜಾಗದ ಮಾತು ಮತ್ತೆ ಎತ್ತದೆ ಕಾಫಿ ಪಾತ್ರೆಯನ್ನು ಮುಂದಕ್ಕೆ ತಳ್ಳಿದಳು, ನಾನು ಕೋಟು ಬಿಚ್ಚಿ ಕೂತೆ. ಬನ್ನಿನ ತಟ್ಟೆ ಆಲ್ಗೋತನ ಕೈಯಿಂದಲೇ ನನಗೆ ದಾಟಬೇಕಿತ್ತು. ದಾಟಿಸಿದ. ಇಪ್ಪತ್ತು ವರ್ಷ ಅವನು ಇವಾರನನ್ನು ದ್ವೇಷಿಸಿದ್ದು ದೋಣಿ ಕೆಡಿಸಿದನೆಂದು. ತಟ್ಟೆ ಕೊಡುತ್ತ ನನ್ನನ್ನು ನೋಡಿದ ನೋಟ ಅದಕ್ಕಿಂತ ಕೆಟ್ಟದಾಗಿತ್ತು, ಯಾಕೆಂದರೆ ನಾನು ಉಳಿಸಿದ್ದೆ.